ಅರುಂಧತಿಯ ಆಚೆಗೊಂದು ಜೋಡಿ

ಮದುವೆಯ ಮನೆಯಲ್ಲಿ ಸಪ್ತಪದಿ ಮುಗಿದ ಮೇಲೆ ಪುರೋಹಿತರು ವಧೂವರರನ್ನು ಚಪ್ಪರದ ಹೊರಗೆ ಕರೆತಂದು ಅರುಂಧತಿ ನಕ್ಷತ್ರವನ್ನು ತೋರಿಸುವುದು ವಾಡಿಕೆ. ಮುಹೂರ್ತ ಹಗಲಿನದಾಗಿದ್ದರೆ ನಕ್ಷತ್ರ ಕಾಣುವ ಮಾತೇ ಇಲ್ಲ. ಆದರೂ ಪುರೋಹಿತರ ಬೆರಳು ತೋರಿದತ್ತ ಇಬ್ಬರೂ ತಲೆಯೆತ್ತುತ್ತಾರೆ. ಕಾಣದ್ದನ್ನು ಕಂಡೆವೆಂದು ತಲೆದೂಗಿ ಒಳಗೆ ಬರುತ್ತಾರೆ.

ರಾತ್ರಿಯಾದರೆ ಅರುಂಧತಿಯನ್ನು ಹುಡುಕುವುದು ಕಷ್ಟವಲ್ಲ. ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳು ಸೌಟಿನಂತೆ ಹರಡಿಕೊಂಡಿರುತ್ತವೆ. ಸೌಟಿನ ಹಿಡಿಯಲ್ಲಿರುವ ಮೂರು ನಕ್ಷತ್ರಗಳ ಪೈಕಿ ನಡುವಿನದು ವಸಿಷ್ಠ. ಅದಕ್ಕೆ ಒತ್ತಿಕೊಂಡಂತೆ ಮಸುಕಾಗಿ ಮಿನುಗುವುದೇ ಅರುಂಧತಿ. ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ, ಅದರ ಆಸರೆಯಿಂದ ಚಿಕ್ಕದರತ್ತ ಕಣ್ಣನ್ನು ಒಯ್ಯುವ ಈ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ‘ಸ್ಥೂಲಾರುಂಧತಿ ನ್ಯಾಯ’ ಎಂದೇ ಹೆಸರಿಟ್ಟಿದ್ದಾರೆ.

ಇದೇ ನ್ಯಾಯವನ್ನು ಹಿಡಿದು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಹಿಡಿಯ ತುದಿಯ ನಕ್ಷತ್ರ ಮರೀಚಿ. ತೋಳು ನೀಡಿ ಎರಡು ಬೆರಳನ್ನು ಜೋಡಿಸಿ ಹಿಡಿದರೆ ಎಷ್ಟು ಅಗಲವೋ, ಸುಮಾರು ಅಷ್ಟು ದೂರದಲ್ಲಿ, ಹಿಡಿ ಬಾಗಿರುವ ಒಳಬದಿಗೆ, ಮತ್ತೊಂದು ಜೋಡಿ ಇದೆ. ಬರಿಗಣ್ಣಿಗೆ ಅದು ಎಂದೂ ಕಾಣುವುದಿಲ್ಲ. ಅದು ನಕ್ಷತ್ರಗಳ ಜೋಡಿಯಲ್ಲ, ಗೆಲಕ್ಸಿಗಳ ಜೋಡಿ. ಒಂದೊಂದರಲ್ಲೂ ಕೋಟ್ಯಂತರ ಸೂರ್ಯರು. ದೊಡ್ಡದಕ್ಕೆ ಖಗೋಳಜ್ಞರ ಪಟ್ಟಿಯಲ್ಲಿ ಎಂ51 ಎಂಬ ಹೆಸರು. ಸುಳಿಯಂತಿರುವುದರಿಂದ ‘ನೀರಸುಳಿ ಗೆಲಕ್ಸಿ’ ಎಂದೂ ಕರೆಯುವುದುಂಟು. ಅದರ ಪಕ್ಕದ ಚಿಕ್ಕ ಸಂಗಾತಿಗೆ ಎನ್‌ಜಿಸಿ 5195 ಎಂಬ ಬರಿಯ ಸಂಖ್ಯೆ. ಇವು ನಮ್ಮಿಂದ ಸುಮಾರು 2.8 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ.

ಇಂದು ಈ ಜೋಡಿಯ ಬಣ್ಣದ ಚಿತ್ರ ಶಾಲೆಯ ಪಠ್ಯಪುಸ್ತಕದಿಂದ ಹಿಡಿದು ಗೋಡೆಯ ಕ್ಯಾಲೆಂಡರಿನವರೆಗೆ ಎಲ್ಲೆಡೆ ಕಾಣಸಿಗುತ್ತದೆ. ಆದರೆ ಇವನ್ನು ಚಿತ್ರದಲ್ಲಿ ಹಿಡಿಯಲು ಹೆಣಗಿದ ಮೊದಲಿಗರಲ್ಲಿ ಸರಕಾರಿ ವೀಕ್ಷಣಾಲಯಗಳ ಪಂಡಿತರಿಗಿಂತ ಮನೆಯ ಹಿತ್ತಲಲ್ಲಿ ದೂರದರ್ಶಕ ನಿಲ್ಲಿಸಿಕೊಂಡ ಹವ್ಯಾಸಿಗಳೇ ಮುಂದಿದ್ದರು ಎಂಬುದು ಅಷ್ಟಾಗಿ ತಿಳಿದಿಲ್ಲ. ಚಿತ್ರ ಸಿಕ್ಕ ಮೇಲೂ ಅದರಲ್ಲಿರುವುದು ಏನೆಂದು ತಿಳಿಯಲು ಮನುಷ್ಯನಿಗೆ ಇನ್ನೂ ಎಂಟು ದಶಕ ಬೇಕಾಯಿತು ಎಂಬುದು ಇನ್ನೂ ದೊಡ್ಡ ಸ್ವಾರಸ್ಯ.

ಚುಕ್ಕೆಯಿಂದ ಸುಳಿಗೆ

ಎಂ51ನ್ನು ಮೊದಲು ಕಂಡವನು ಫ್ರಾನ್ಸಿನ ಚಾರ್ಲ್ಸ್ ಮೆಸ್ಸಿಯೆ, 1773ರ ಅಕ್ಟೋಬರ್ 13ರಂದು. ಅವನಿಗೆ ಬೇಕಾಗಿದ್ದುದು ಧೂಮಕೇತುಗಳು. ಧೂಮಕೇತುವಿನಂತೆ ಮಸುಕಾಗಿ ಕಂಡು, ಆದರೆ ನಿಂತಲ್ಲಿಂದ ಕದಲದೆ ಮೋಸ ಮಾಡುವ ವಸ್ತುಗಳ ಪಟ್ಟಿಯೊಂದನ್ನು ಆತ ತಯಾರಿಸಿದ. ಬೇಡವಾದ ವಸ್ತುಗಳ ಆ ಪಟ್ಟಿಯೇ ಮೆಸ್ಸಿಯೆಯ ಹೆಸರನ್ನು ಉಳಿಸಿತು. ‘ಎಂ’ ಎಂಬುದು ಅವನ ಹೆಸರಿನ ಮೊದಲ ಅಕ್ಷರ. 1781ರ ಮಾರ್ಚ್‌ನಲ್ಲಿ ಅವನ ಗೆಳೆಯ ಪಿಯರ್ ಮೆಶೆನ್ ಅದನ್ನು ಮತ್ತೆ ನೋಡಿ, ಇದು ಒಂದಲ್ಲ, ಎರಡು ಎಂದು ಕಂಡುಕೊಂಡ. ಹೀಗೆ ಒಂಟಿ ಮಸುಕು ಜೋಡಿಯಾಯಿತು.

ಆ ಕಾಲದಲ್ಲಿ ಆಕಾಶದ ಇಂಥ ಮಸುಕು ಕಲೆಗಳಿಗೆಲ್ಲ ನೀಹಾರಿಕೆ ಎಂಬ ಒಂದೇ ಹೆಸರು. ನೀಹಾರ ಎಂದರೆ ಮಂಜು. ಮಂಜಿನೊಳಗೆ ಏನಿದೆ? ಹೊಳೆಯುವ ಅನಿಲವೋ, ಬಿಡಿಸಿ ನೋಡಲಾಗದಷ್ಟು ದೂರದ ನಕ್ಷತ್ರಗಳ ಗುಂಪೋ? ಈ ಪ್ರಶ್ನೆಯ ಬೆನ್ನು ಹತ್ತಿದವರೆಲ್ಲ ದೊಡ್ಡ ದೊಡ್ಡ ದರ್ಪಣಗಳನ್ನು ಕಟ್ಟುತ್ತ ಹೋದರು. ಇಂಗ್ಲೆಂಡಿನ ಜಾನ್ ಹರ್ಷೆಲ್ 1830ರ ದಶಕದಲ್ಲಿ ಪ್ರಕಟಿಸಿದ ಚಿತ್ರದಲ್ಲಿ ಎಂ51 ಒಂದು ಬದಿ ಸೀಳಿದ ಉಂಗುರದಂತಿತ್ತು, ನಡುವೆ ಒಂದು ಹೊಳಪಿನ ಉಂಡೆ.

ಉಂಗುರ ಸುರುಳಿಯಾದದ್ದು ಐರ್ಲೆಂಡಿನಲ್ಲಿ. ಅಲ್ಲಿನ ಜಮೀನುದಾರ ವಿಲಿಯಂ ಪಾರ್ಸನ್ಸ್, ಅಂದರೆ ಮೂರನೆಯ ಲಾರ್ಡ್ ರಾಸ್, ತನ್ನ ಬರ್ ಕೋಟೆಯ ಅಂಗಳದಲ್ಲಿ ಆರಡಿ ಅಗಲದ ದರ್ಪಣವಿರುವ ದೂರದರ್ಶಕವನ್ನು ಸ್ವಂತ ಖರ್ಚಿನಲ್ಲಿ ನಿರ್ಮಿಸಿದ. ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಆ ದರ್ಪಣ ಮೂರು ಟನ್ ತೂಗುತ್ತಿತ್ತು. ಎರಡು ಭಾರೀ ಕಲ್ಲುಗೋಡೆಗಳ ನಡುವೆ ಸರಪಳಿಗಳಲ್ಲಿ ತೂಗುಬಿಟ್ಟಿದ್ದ ಅದರ ಕೊಳವೆಯನ್ನು ಆಳುಗಳು ಎಳೆದು ತಿರುಗಿಸಬೇಕಿತ್ತು. 1845ರ ವಸಂತದಲ್ಲಿ ರಾಸ್ ಅದನ್ನು ಎಂ51ರತ್ತ ತಿರುಗಿಸಿದಾಗ ಕಂಡದ್ದು ಉಂಗುರವಲ್ಲ. ಕಡೆಗೋಲು ಆಡಿಸಿದ ಮಜ್ಜಿಗೆಯಂತೆ ಸುತ್ತಿ ಸುತ್ತಿ ಹೊರಗೆ ಚಾಚಿದ ತೋಳುಗಳು. ಅದರಲ್ಲಿ ಒಂದು ತೋಳು ಪಕ್ಕದ ಸಂಗಾತಿಯವರೆಗೂ ಹೋಗಿ ಮುಟ್ಟುವಂತಿತ್ತು. ಆಕಾಶದಲ್ಲಿ ಸುರುಳಿ ನೀಹಾರಿಕೆಯೊಂದನ್ನು ಮನುಷ್ಯ ಗುರುತಿಸಿದ್ದು ಅದೇ ಮೊದಲು.

ಅದೇ ವರ್ಷ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಕೋಟೆಯ ದೂರದರ್ಶಕದ ಕೆಲಸ ಕೆಲಕಾಲ ನಿಂತೇ ಹೋಯಿತು.

ರಾಸ್ ಬಿಡಿಸಿದ ಪೆನ್ಸಿಲ್ ಚಿತ್ರ ಯುರೋಪಿನಲ್ಲೆಲ್ಲ ಹೆಸರಾಯಿತು. ಆದರೆ ಅನುಮಾನವೂ ಅದರ ಬೆನ್ನಿಗೇ ಬಂತು. ಕತ್ತಲಲ್ಲಿ ಏಣಿಯ ಮೇಲೆ ನಿಂತು, ಒಂದು ಕಣ್ಣನ್ನು ಗಾಜಿಗೆ ಹಚ್ಚಿ, ಕಂಡೂ ಕಾಣದ ಬೆಳಕನ್ನು ನೋಡುತ್ತ ಕಾಗದದ ಮೇಲೆ ಗೀಚಿದ್ದನ್ನು ಎಷ್ಟರಮಟ್ಟಿಗೆ ನಂಬುವುದು? ಒಬ್ಬನಿಗೆ ಉಂಗುರವಾಗಿ ಕಂಡದ್ದು ಇನ್ನೊಬ್ಬನಿಗೆ ಸುರುಳಿಯಾಗಿ ಕಂಡರೆ ಸತ್ಯ ಯಾರ ಕಡೆಗಿದೆ? ಇದನ್ನು ತೀರ್ಮಾನಿಸಲು ಪಕ್ಷಪಾತವಿಲ್ಲದ ಸಾಕ್ಷಿಯೊಂದು ಬೇಕಿತ್ತು.

ಕಣ್ಣು ಮತ್ತು ಫಲಕ

ಆ ಸಾಕ್ಷಿ ಛಾಯಾಗ್ರಹಣದ ರೂಪದಲ್ಲಿ ಬಂತು. ನಮ್ಮ ಕಣ್ಣಿಗೆ ಬೆಳಕನ್ನು ಕೂಡಿಡುವ ಶಕ್ತಿಯಿಲ್ಲ. ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ಬಂದ ಬೆಳಕನ್ನು ಮಿದುಳಿಗೆ ಒಪ್ಪಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಹತ್ತು ಗಂಟೆ ಎವೆಯಿಕ್ಕದೆ ನೋಡಿದರೂ ಮಸುಕಾದದ್ದು ಮಸುಕಾಗಿಯೇ ಇರುತ್ತದೆ. ಛಾಯಾಚಿತ್ರದ ಫಲಕ ಹಾಗಲ್ಲ. ಅದು ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಬಿಂದಿಗೆಯಂತೆ. ಹನಿ ಹನಿಯಾಗಿ ಬಿದ್ದ ಬೆಳಕೆಲ್ಲ ಅದರಲ್ಲಿ ನಿಲ್ಲುತ್ತದೆ. ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಹೆಚ್ಚು ಮಸುಕಾದದ್ದು ಮೂಡುತ್ತದೆ.

ತತ್ತ್ವ ಸರಳವಾದರೂ ಕೆಲಸ ಸರಳವಾಗಿರಲಿಲ್ಲ. 1857ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಜಾರ್ಜ್ ಬಾಂಡ್ ಮತ್ತು ಅವನ ಜೊತೆಗಾರರು ಒದ್ದೆ ಫಲಕದ ಮೇಲೆ ಜೋಡಿ ನಕ್ಷತ್ರವೊಂದರ ಚಿತ್ರವನ್ನು ಮೊದಲ ಬಾರಿಗೆ ಹಿಡಿದರು. ಅವರು ಆರಿಸಿಕೊಂಡದ್ದು ಬೇರಾವುದನ್ನೂ ಅಲ್ಲ, ನಮ್ಮ ವಸಿಷ್ಠ-ಅರುಂಧತಿಯರನ್ನೇ! ಅವರಿಗೆ ಆ ನಕ್ಷತ್ರಗಳು ಮಿಜಾರ್ ಮತ್ತು ಆಲ್ಕರ್.

ನಕ್ಷತ್ರಗಳು ಸಿಕ್ಕವು, ಆದರೆ ನೀಹಾರಿಕೆಗಳು ಸಿಗಲಿಲ್ಲ. ಒದ್ದೆ ಫಲಕವನ್ನು ಆಗಲೇ ದ್ರಾವಣದಲ್ಲಿ ಅದ್ದಿ, ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಹೆಚ್ಚೆಂದರೆ ಕಾಲು ಗಂಟೆಯ ಅವಕಾಶ. ನೀಹಾರಿಕೆಯ ಬಡ ಬೆಳಕಿಗೆ ಅದು ಎಲ್ಲಿ ಸಾಲಬೇಕು? 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಲೇಪಿಸಿದ ಒಣ ಫಲಕದ ದಾರಿ ತೋರಿಸಿದ ಮೇಲೆ ಈ ತೊಡಕು ನೀಗಿತು. ಒಣ ಫಲಕವನ್ನು ಗಂಟೆಗಟ್ಟಲೆ ತೆರೆದಿಡಬಹುದಿತ್ತು. 1880ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಬಳಿಯ ತನ್ನ ಖಾಸಗಿ ವೀಕ್ಷಣಾಲಯದಿಂದ ಹೆನ್ರಿ ಡ್ರೇಪರ್ ಎಂಬ ಇನ್ನೊಬ್ಬ ವೈದ್ಯ ಮಹಾವ್ಯಾಧ ನೀಹಾರಿಕೆಯ ಚಿತ್ರ ತೆಗೆದ. ನೀಹಾರಿಕೆಯೊಂದು ಫಲಕದ ಮೇಲೆ ಮೂಡಿದ್ದು ಅದೇ ಮೊದಲು. ತೆರೆದಿಟ್ಟ ಅವಧಿ 51 ನಿಮಿಷ.

ಇನ್ನೊಂದು ತೊಡಕು ಉಳಿದೇ ಇತ್ತು. ಭೂಮಿ ತಿರುಗುತ್ತದೆ, ಆದ್ದರಿಂದ ಆಕಾಶ ಸರಿಯುತ್ತದೆ. ದೂರದರ್ಶಕವನ್ನು ಕದಲದಂತೆ ನಿಲ್ಲಿಸಿದರೆ ಎಂ51 ಒಂದು ನಿಮಿಷದ ಆಸುಪಾಸಿನಲ್ಲಿ ತನ್ನ ಅಗಲದಷ್ಟು ದೂರ ಜಾರಿಹೋಗುತ್ತದೆ. ಫಲಕದ ಮೇಲೆ ಉಳಿಯುವುದು ಬರಿ ಒರೆಸಿದ ಗುರುತು. ಹಾಗಾಗದಂತೆ, ತೂಕದ ಗುಂಡು ಕಟ್ಟಿದ ಗಡಿಯಾರದ ಯಂತ್ರದಿಂದ ಇಡೀ ದೂರದರ್ಶಕವನ್ನು ಆಕಾಶದ ವೇಗಕ್ಕೆ ಸರಿಯಾಗಿ ತಿರುಗಿಸಬೇಕು. ಯಂತ್ರ ಕೂದಲೆಳೆಯಷ್ಟು ತಪ್ಪಿದರೂ ಪಕ್ಕದಲ್ಲಿ ಕೂತವನು ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಕೈಯಿಂದ ತಿದ್ದುತ್ತಿರಬೇಕು. ಗಂಟೆಗಟ್ಟಲೆ, ಚಳಿಯಲ್ಲಿ, ಒಬ್ಬಂಟಿಯಾಗಿ.

ಹಿತ್ತಲ ಗಿಡವೇ ಮದ್ದಾದಾಗ

ಈ ತಾಳ್ಮೆಯ ಕೆಲಸಕ್ಕೆ ಇಳಿದವರು ಯಾರು? ದೊಡ್ಡ ವೀಕ್ಷಣಾಲಯಗಳಿಗೆ ಆಗ ನಕ್ಷತ್ರಗಳ ಸ್ಥಾನ ಅಳೆಯುವುದು, ಪಂಚಾಂಗಕ್ಕೆ ಲೆಕ್ಕ ಒದಗಿಸುವುದು, ಹಡಗುಗಳಿಗೆ ವೇಳೆ ಹೇಳುವುದು ಮುಖ್ಯ ಕೆಲಸ. ಹಾಗಾಗಿ ಹೊಸ ದಾರಿಯ ಬಹುಪಾಲನ್ನು ಹಿತ್ತಲಲ್ಲಿದ್ದವರು ತುಳಿದರು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಇಲ್ಲಿ ಸುಳ್ಳಾಯಿತು.

ಆಂಡ್ರ್ಯೂ ಐನ್ಸ್ಲಿ ಕಾಮನ್ ಚರಂಡಿ, ನೈರ್ಮಲ್ಯದ ಕಾಮಗಾರಿಗಳ ಎಂಜಿನಿಯರ್. ಲಂಡನ್ನಿನ ಅಂಚಿನ ಈಲಿಂಗ್‌ನಲ್ಲಿ ತನ್ನ ಮನೆಯ ತೋಟದಲ್ಲಿ 36 ಅಂಗುಲ ದರ್ಪಣದ ದೂರದರ್ಶಕವನ್ನು ನಿಲ್ಲಿಸಿದ. 1883ರ ಜನವರಿ 30ರಂದು ಮಹಾವ್ಯಾಧ ನೀಹಾರಿಕೆಯತ್ತ ಅದನ್ನು ತಿರುಗಿಸಿ 37 ನಿಮಿಷ ಫಲಕವನ್ನು ತೆರೆದಿಟ್ಟ. ತೊಳೆದು ನೋಡಿದರೆ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದಾಗ ಕಾಣದಿದ್ದ ನಕ್ಷತ್ರಗಳು ಅದರ ಮೇಲೆ ಮೂಡಿದ್ದವು. ಫಲಕವು ಕಣ್ಣನ್ನು ಮೀರಿಸಿತ್ತು. ಮರುವರ್ಷ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಈ ಚರಂಡಿ ಎಂಜಿನಿಯರನಿಗೆ ಚಿನ್ನದ ಪದಕ ಕೊಟ್ಟಿತು.

ಇನ್ನೊಬ್ಬ ಐಸಾಕ್ ರಾಬರ್ಟ್ಸ್. 1829ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಲಿವರ್‌ಪೂಲಿನ ಕಟ್ಟಡ ಕಂಟ್ರಾಕ್ಟರರ ಬಳಿ ಕೆಲಸ ಕಲಿಯಲು ಸೇರಿದ. ಮುಂದೆ ಅದೇ ಉದ್ಯೋಗದಲ್ಲಿ ಹಣ ಮಾಡಿದ. ವಯಸ್ಸು ಐವತ್ತರ ಆಸುಪಾಸಿಗೆ ಬಂದಾಗ ಆಕಾಶದ ಹುಚ್ಚು ಹತ್ತಿತು. ಲಿವರ್‌ಪೂಲ್ ಬಳಿಯ ಮೆಗಲ್ ಎಂಬಲ್ಲಿನ ತನ್ನ ಮನೆಯಲ್ಲಿ, ಡಬ್ಲಿನ್‌ನ ಹೋವರ್ಡ್ ಗ್ರಬ್ ತಯಾರಿಸಿದ 20 ಅಂಗುಲದ ದೂರದರ್ಶಕವನ್ನು 1885ರಲ್ಲಿ ಸ್ಥಾಪಿಸಿದ. ಫಲಕವನ್ನು ನೇರವಾಗಿ ದರ್ಪಣದ ಬೆಳಕು ಬಂದು ಕೂಡುವ ಜಾಗದಲ್ಲೇ ಇರಿಸಿದ. ಅಡ್ಡಲಾಗಿ ಇನ್ನೊಂದು ಕನ್ನಡಿ ಇಲ್ಲದ್ದರಿಂದ ಬೆಳಕು ಅಷ್ಟರಮಟ್ಟಿಗೆ ಉಳಿಯಿತು.

1888ರ ಡಿಸೆಂಬರ್ 29ರ ರಾತ್ರಿ ರಾಬರ್ಟ್ಸ್ ದೇವಯಾನಿ ನೀಹಾರಿಕೆಗೆ ನಾಲ್ಕು ಗಂಟೆ ಕಾಲ ಫಲಕವನ್ನು ಒಡ್ಡಿದ. ಅದುವರೆಗೆ ಉದ್ದನೆಯ ಮೋಡದ ತುಣುಕಿನಂತೆ ಕಾಣುತ್ತಿದ್ದ ದೇವಯಾನಿ ಆ ಫಲಕದ ಮೇಲೆ ಸುರುಳಿಯಾಗಿ ಬಿಚ್ಚಿಕೊಂಡಿತು. ಮುಂದಿನ ವರ್ಷ ಎಂ51ರ ಸರದಿ ಬಂತು. ನಲವತ್ತನಾಲ್ಕು ವರ್ಷಗಳ ಹಿಂದೆ ರಾಸ್ ಕಂಡ ತೋಳುಗಳು, ತೋಳುಗಳ ಮೇಲೆ ಪೋಣಿಸಿದಂತಿರುವ ಗಂಟುಗಳು, ಸಂಗಾತಿಯತ್ತ ಚಾಚಿದ ಸೇತುವೆ ಎಲ್ಲವೂ ಬೆಳ್ಳಿಯ ಲೇಪದ ಮೇಲೆ ತಾವಾಗಿ ಬಂದು ಕೂತವು. ಲಾರ್ಡ್ ರಾಸ್ ಆ ಹೊತ್ತಿಗೆ ತೀರಿಕೊಂಡು ಎರಡು ದಶಕ ಕಳೆದಿತ್ತು. ಅವನ ಕಣ್ಣು ಸುಳ್ಳು ಹೇಳಿರಲಿಲ್ಲವೆಂದು ಗಾಜಿನ ಫಲಕ ಸಾಕ್ಷಿ ನುಡಿಯಿತು.

ಒಂದೇ ಚಿತ್ರ, ಹಲವು ಅರ್ಥ

ಸಾಕ್ಷಿ ಸಿಕ್ಕಿತು. ಆದರೆ ಸಾಕ್ಷಿ ಏನು ಹೇಳುತ್ತಿದೆ?

ಸೂರ್ಯನೂ ಗ್ರಹಗಳೂ ತಿರುಗುವ ಅನಿಲದ ಮೋಡದಿಂದ ಹುಟ್ಟಿದವು ಎಂದು ಫ್ರಾನ್ಸಿನ ಲಾಪ್ಲಾಸ್ ಬಹಳ ಹಿಂದೆಯೇ ವಾದಿಸಿದ್ದ. ರಾಬರ್ಟ್ಸ್‌ನ ಚಿತ್ರಗಳನ್ನು ನೋಡಿದವರಿಗೆ ಲಾಪ್ಲಾಸನ ವಾದವೇ ಕಣ್ಣೆದುರು ನಿಂತಂತಾಯಿತು. ನಡುವಿನ ಹೊಳಪೇ ಹುಟ್ಟುತ್ತಿರುವ ಸೂರ್ಯ, ಸುತ್ತಲಿನ ಗಂಟುಗಳೇ ಗ್ರಹಗಳ ಭ್ರೂಣ! ರಾಬರ್ಟ್ಸ್ ಕೂಡ ಹಾಗೆಯೇ ನಂಬಿದ. ಚಿತ್ರದಲ್ಲಿ ಆಕಾರವಿತ್ತು, ಅಳತೆಯಿರಲಿಲ್ಲ. ಎಷ್ಟು ದೂರವೆಂದು ತಿಳಿಯದೆ ಎಷ್ಟು ದೊಡ್ಡದೆಂದು ಹೇಳುವುದು ಹೇಗೆ? ಕಿಟಕಿಯ ಗಾಜಿನ ಮೇಲೆ ಕೂತ ನೊಣವೂ ದೂರದಲ್ಲಿ ಹಾರುವ ಹದ್ದೂ ಕಣ್ಣಿಗೆ ಒಂದೇ ಗಾತ್ರ.

ಇತ್ತ ಕಾಮನ್‌ನ ತೋಟದ ದೂರದರ್ಶಕ ಕೈಬದಲಾಯಿತು. ಅದನ್ನು ಕೊಂಡ ಯಾರ್ಕ್‌ಷೈರಿನ ಎಡ್ವರ್ಡ್ ಕ್ರಾಸ್ಲಿ 1895ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯಕ್ಕೆ ದಾನವಾಗಿ ಕೊಟ್ಟ. ಅಲ್ಲಿ ಜೇಮ್ಸ್ ಕೀಲರ್ ಅದನ್ನು ರಿಪೇರಿ ಮಾಡಿ, 1898ರಿಂದ ಎರಡು ವರ್ಷ ನೀಹಾರಿಕೆಗಳ ಚಿತ್ರ ತೆಗೆದ. ಅವುಗಳಲ್ಲಿ ಎಂ51ರ ಜೋಡಿಯೂ ಸೇರಿತ್ತು. ಒಂದರ ಚಿತ್ರ ತೆಗೆದರೆ ಹಿನ್ನೆಲೆಯಲ್ಲಿ ಇನ್ನಷ್ಟು ಪುಟ್ಟ ಸುರುಳಿಗಳು ಇಣುಕುತ್ತಿದ್ದವು. ಈ ದೂರದರ್ಶಕಕ್ಕೆ ನಿಲುಕುವ ನೀಹಾರಿಕೆಗಳೇ 1,20,000 ಇರಬೇಕು, ಅವುಗಳಲ್ಲಿ ಹೆಚ್ಚಿನವು ಸುರುಳಿಗಳೇ ಎಂದು ಆತ ಅಂದಾಜು ಮಾಡಿದ. ಅಪರೂಪದ ವಿಚಿತ್ರವೆನಿಸಿದ್ದ ರಾಸ್‌ನ ಸುಳಿ ಈಗ ಆಕಾಶದ ಸಾಮಾನ್ಯ ಪ್ರಜೆಯಾಯಿತು. 1900ರಲ್ಲಿ, 42ರ ವಯಸ್ಸಿನಲ್ಲಿ, ಕೀಲರ್ ತೀರಿಕೊಂಡ.

ಆಮೇಲೆ ನಡೆದದ್ದು ವಿಜ್ಞಾನದ ಇತಿಹಾಸದ ದೊಡ್ಡ ಜಗಳಗಳಲ್ಲೊಂದು. ಮೌಂಟ್ ವಿಲ್ಸನ್ ವೀಕ್ಷಣಾಲಯದ ಆಡ್ರಿಯಾನ್ ಫಾನ್ ಮಾನೆನ್ ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಫಲಕಗಳನ್ನು ಪಕ್ಕಪಕ್ಕ ಇಟ್ಟು ಸುರುಳಿಗಳಲ್ಲಿನ ಗಂಟುಗಳನ್ನು ಅಳೆದ. 1916ರಲ್ಲಿ ಎಂ101 ಎಂಬ ಸುರುಳಿ, ಬಳಿಕ ಎಂ51 ಮುಂತಾದವು. ಎಲ್ಲವೂ ತಿರುಗುತ್ತಿರುವುದು ತನಗೆ ಕಾಣುತ್ತಿದೆ ಎಂದ. ಎಂ101 ಒಂದು ಸುತ್ತಿಗೆ ತೆಗೆದುಕೊಳ್ಳುವ ಕಾಲ ಒಂದು ಲಕ್ಷ ವರ್ಷಕ್ಕೂ ಕಡಿಮೆ ಎಂದು ಲೆಕ್ಕ ಹಾಕಿದ. ಇದು ನಿಜವಾದರೆ ಸುರುಳಿಗಳು ಬಹಳ ದೂರ ಇರುವಂತಿಲ್ಲ. ದೂರವಿದ್ದರೆ ಅವು ಅಗಾಧ ಗಾತ್ರದವಾಗಿರಬೇಕು. ಅಷ್ಟು ಬೇಗ ಸುತ್ತು ಮುಗಿಸಲು ಅವುಗಳ ಅಂಚು ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ. ಆದ್ದರಿಂದ ಅವು ನಮ್ಮ ಆಕಾಶಗಂಗೆಯ ಆಸುಪಾಸಿನ ಚಿಕ್ಕ ವಸ್ತುಗಳೆಂದು ಒಂದು ಪಕ್ಷ ಗಟ್ಟಿಯಾಯಿತು.

1920ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಹಾರ್ಲೊ ಶೇಪ್ಲಿ ಮತ್ತು ಹೀಬರ್ ಕರ್ಟಿಸ್ ಈ ವಿಷಯದಲ್ಲಿ ಎದುರುಬದುರಾದರು. ಆಕಾಶಗಂಗೆಯೇ ಹೆಚ್ಚುಕಡಿಮೆ ಇಡೀ ವಿಶ್ವ ಎಂದು ಶೇಪ್ಲಿ. ಫಾನ್ ಮಾನೆನ್‌ನ ಅಳತೆ ಅವನಿಗೆ ಬೆಂಬಲ. ಒಂದೊಂದು ಸುರುಳಿಯೂ ನಮ್ಮ ಆಕಾಶಗಂಗೆಯಂಥ ಇನ್ನೊಂದು ದ್ವೀಪ ಎಂದು ಕರ್ಟಿಸ್. ಕರ್ಟಿಸ್ ತನ್ನ ಸುರುಳಿಗಳ ಚಿತ್ರಗಳನ್ನು ತೆಗೆದದ್ದು ಲಿಕ್‌ನ ಅದೇ ಕ್ರಾಸ್ಲಿ ದೂರದರ್ಶಕದಲ್ಲಿ. ಎಂದರೆ ಈಲಿಂಗ್‌ನ ತೋಟದಲ್ಲಿ ಒಮ್ಮೆ ನಿಂತಿದ್ದ ಯಂತ್ರದಲ್ಲಿ!

ಜಗಳ ಬಗೆಹರಿದದ್ದು ಇನ್ನೊಂದು ಫಲಕದಿಂದ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್, ಮೌಂಟ್ ವಿಲ್ಸನ್‌ನ 100 ಅಂಗುಲದ ದೂರದರ್ಶಕದಿಂದ ತೆಗೆದ ದೇವಯಾನಿಯ ಚಿತ್ರದಲ್ಲಿ ಹಿಗ್ಗಿ ಕುಗ್ಗುವ ನಕ್ಷತ್ರವೊಂದನ್ನು ಗುರುತಿಸಿದ. ಅಂಥ ನಕ್ಷತ್ರ ಮಿನುಗುವ ಅವಧಿಯಿಂದ ಅದರ ನಿಜವಾದ ಪ್ರಕಾಶವನ್ನು ತಿಳಿಯುವ ಸೂತ್ರವನ್ನು ಹಾರ್ವರ್ಡ್‌ನ ಹೆನ್ರಿಯೆಟ ಲೆವಿಟ್ 1912ರಲ್ಲೇ ಕೊಟ್ಟಿದ್ದಳು. ನಿಜವಾದ ಪ್ರಕಾಶ ಗೊತ್ತಾದರೆ ದೂರ ಗೊತ್ತಾದಂತೆಯೇ. ಹಬಲ್‌ನ ಲೆಕ್ಕದಲ್ಲಿ ದೇವಯಾನಿ ಸುಮಾರು 9 ಲಕ್ಷ ಜ್ಯೋತಿರ್ವರ್ಷ ದೂರ. ಇಂದಿನ ಅಳತೆಯಲ್ಲಿ ಅದು 25 ಲಕ್ಷ. ಎರಡರಲ್ಲಿ ಯಾವುದನ್ನು ಹಿಡಿದರೂ ಆಕಾಶಗಂಗೆಯ ಗಡಿಯಾಚೆಗೆ! 1925ರ ಜನವರಿ 1ರಂದು ಈ ಸುದ್ದಿ ಖಗೋಳಜ್ಞರ ಸಭೆಯಲ್ಲಿ ಪ್ರಕಟವಾಯಿತು. ಫಾನ್ ಮಾನೆನ್ ಅಳೆದ ಚಲನೆ ಇರಲೇ ಇಲ್ಲವೆಂದು 1935ರಲ್ಲಿ ಖಚಿತವಾಯಿತು. ಸುರುಳಿಗಳು ತಿರುಗುವುದು ನಿಜ, ಆದರೆ ಒಂದು ಸುತ್ತಿಗೆ ಕೋಟಿಗಟ್ಟಲೆ ವರ್ಷ. ಕೆಲವು ವರ್ಷಗಳ ಅಂತರದ ಫಲಕಗಳಲ್ಲಿ ಅದು ಕಾಣುವಂತಿರಲಿಲ್ಲ. ಫಲಕ ಪಕ್ಷಪಾತ ಮಾಡಿರಲಿಲ್ಲ. ಅಳೆದ ಕೈ ತಪ್ಪಿತ್ತು.

ನೆರೆಯ ಸೆಳೆತ

ಎಂ51 ಪರಗೆಲಕ್ಸಿಯೆಂದು ತೀರ್ಮಾನವಾಯಿತು. ಆದರೆ ಜೊತೆಗಾರನ ಕತೆ? ರಾಸ್‌ನ ಚಿತ್ರದಲ್ಲೂ ರಾಬರ್ಟ್ಸ್‌ನ ಫಲಕದಲ್ಲೂ ಎದ್ದು ಕಾಣುತ್ತಿದ್ದ ಆ ಸೇತುವೆಗೆ ಏನು ಅರ್ಥ?

1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಒಂದು ಚೆಂದದ ಉಪಾಯ ಹೂಡಿದ. ಗುರುತ್ವಾಕರ್ಷಣೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ದೀಪದ ಬೆಳಕೂ ಹಾಗೆಯೇ. ಹಾಗಾದರೆ ನಕ್ಷತ್ರಗಳ ಬದಲು ದೀಪಗಳನ್ನಿಟ್ಟರೇನು? ಒಂದೊಂದು ಗೆಲಕ್ಸಿಗೆ 37ರಂತೆ 74 ವಿದ್ಯುದ್ದೀಪಗಳನ್ನು ಕೋಣೆಯಲ್ಲಿ ಜೋಡಿಸಿ, ಪ್ರತಿಯೊಂದರ ಜಾಗದಲ್ಲಿ ಬೀಳುವ ಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ದೀಪಗಳನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತ ಹೋದ. ಗೆಲಕ್ಸಿಗಳು ಹತ್ತಿರ ಹಾದುಹೋದರೆ ಒಂದು ಇನ್ನೊಂದರ ಆಕಾರವನ್ನು ಎಳೆದು ಕೆಡಿಸುತ್ತದೆಂದು ಅದರಿಂದ ಕಂಡಿತು.

1959ರಲ್ಲಿ ಸೋವಿಯತ್ ಖಗೋಳಜ್ಞ ವರಂತ್ಸೋವ್ ವೆಲ್ಯಾಮಿನೊವ್ ಒಂದನ್ನೊಂದು ಎಳೆದಾಡುವ ಗೆಲಕ್ಸಿಗಳ ಪಟ್ಟಿ ಮಾಡಿದಾಗ ಮೊದಲ ಸಂಖ್ಯೆಯನ್ನು ಕೊಟ್ಟದ್ದು ಎಂ51ರ ಜೋಡಿಗೆ. 1972ರಲ್ಲಿ ಅಲಾರ್ ಮತ್ತು ಯೂರಿ ತೂಮ್ರೆ ಎಂಬ ಸೋದರರು ಇದೇ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಚಿಕ್ಕ ಗೆಲಕ್ಸಿ ದೊಡ್ಡದರ ಪಕ್ಕದಿಂದ ಹಾದು ಹಿಂದಕ್ಕೆ ಹೋದಂತೆ ಲೆಕ್ಕ ಹಾಕಿದಾಗ, ಚಂದ್ರನ ಸೆಳೆತಕ್ಕೆ ಕಡಲು ಉಕ್ಕುವಂತೆ ದೊಡ್ಡ ಗೆಲಕ್ಸಿಯ ನಕ್ಷತ್ರಗಳು ಉಕ್ಕಿ ಉದ್ದನೆಯ ತೋಳಾಗಿ ಚಾಚಿಕೊಂಡವು. ಕಂಪ್ಯೂಟರ್ ಮೂಡಿಸಿದ ಚುಕ್ಕೆಗಳ ಚಿತ್ರ, ರಾಸ್‌ನ ಕಾಲದಿಂದ ನೋಡುತ್ತಲೇ ಬಂದಿದ್ದ ಆ ಜೋಡಿಯನ್ನು ಹೋಲುತ್ತಿತ್ತು. ಸೇತುವೆ ನೆರೆಯವನ ಸೆಳೆತದ ಗುರುತು. ತೋಳು ನಿಜಕ್ಕೂ ಸಂಗಾತಿಯನ್ನು ಮುಟ್ಟಿಲ್ಲ, ಅದರ ಮುಂದೆ ಹಾದುಹೋಗಿದೆ ಅಷ್ಟೆ. ನಕ್ಷತ್ರಗಳ ನಡುವೆ ಅಗಾಧ ಅಂತರವಿರುವುದರಿಂದ ಇಂಥ ಭೇಟಿಯಲ್ಲಿ ನಕ್ಷತ್ರಕ್ಕೆ ನಕ್ಷತ್ರ ಡಿಕ್ಕಿಯಾಗುವುದು ತೀರ ವಿರಳ. ಆದರೆ ಅನಿಲದ ಮೋಡಗಳು ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತವೆ. ಎಂ51ರ ಬಣ್ಣದ ಚಿತ್ರದಲ್ಲಿ ತೋಳಿನುದ್ದಕ್ಕೂ ಕಾಣುವ ಗುಲಾಬಿ ಚುಕ್ಕೆಗಳು ಅಂಥ ಸೂತಿಕಾಗೃಹಗಳು.

ರಾಬರ್ಟ್ಸ್ ತನ್ನ ಫಲಕದಲ್ಲಿ ‘ಹುಟ್ಟುವ ಗ್ರಹಗಳು’ ಎಂದುಕೊಂಡ ಗಂಟುಗಳಲ್ಲಿ ನಿಜವಾಗಿಯೂ ಹುಟ್ಟು ನಡೆಯುತ್ತಿತ್ತು. ಹುಟ್ಟುತ್ತಿದ್ದುದು ಗ್ರಹಗಳಲ್ಲ, ನಕ್ಷತ್ರಗಳ ಹಿಂಡುಗಳು ಎಂಬುದಷ್ಟೇ ವ್ಯತ್ಯಾಸ.

ಮತ್ತೆ ಹಿತ್ತಲಿಗೆ

ಇಪ್ಪತ್ತನೆಯ ಶತಮಾನದಲ್ಲಿ ದೂರದರ್ಶಕಗಳು ಬೆಟ್ಟ ಹತ್ತಿದವು. ಹಿತ್ತಲಿನವರು ಬಹುಮಟ್ಟಿಗೆ ಹಿಂದೆ ಉಳಿದರು. ಫಿಲ್ಮಿಗೂ ಒಂದು ದೋಷವಿತ್ತು. ಮಂದ ಬೆಳಕಿಗೆ ಹೆಚ್ಚು ಹೊತ್ತು ಒಡ್ಡಿದಂತೆ ಅದರ ಚುರುಕು ಕುಗ್ಗುತ್ತದೆ. ಅದನ್ನು ನೀಗಲು ಹವ್ಯಾಸಿಗಳು ಫಿಲ್ಮನ್ನು ಮೊದಲೇ ಜಲಜನಕದ ಅನಿಲದಲ್ಲಿ ಬೇಯಿಸಿ ಇಟ್ಟುಕೊಳ್ಳುತ್ತಿದ್ದರು. ಇಷ್ಟಾದರೂ ಫಿಲ್ಮಿನ ಮೇಲೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಗುರುತು ಉಳಿಸುತ್ತಿದ್ದುದು ಕೆಲವೇ ಕೆಲವು.

1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಚಿಪ್ಪು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅದರ ಉತ್ತಮ ಮಾದರಿಗಳು ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಕಣಗಳನ್ನು ಹಿಡಿಯಬಲ್ಲವು. ಈ ಸಾಧನೆಗೆ ಇಬ್ಬರಿಗೂ 2009ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇಂದು ಹವ್ಯಾಸಿ ಒಂದೇ ಫಲಕವನ್ನು ನಾಲ್ಕು ಗಂಟೆ ತೆರೆದಿಡುವುದಿಲ್ಲ. ಕೆಲವು ನಿಮಿಷದ ಚಿತ್ರಗಳನ್ನು ನೂರಾರು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತಾನೆ. ಗೆಲಕ್ಸಿಯ ಬೆಳಕು ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬರುತ್ತದೆ. ಕ್ಯಾಮೆರಾದ ಗೊಂದಲದ ಚುಕ್ಕೆಗಳು ಮಾತ್ರ ಅಡ್ಡಾದಿಡ್ಡಿ. ನೂರು ಚಿತ್ರ ಕೂಡಿಸಿದರೆ ಆ ಗೊಂದಲ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಗೇಣಗಲದ ದರ್ಪಣವುಳ್ಳ ದೂರದರ್ಶಕವೂ ರಾಬರ್ಟ್ಸ್‌ನ 20 ಅಂಗುಲದ ಯಂತ್ರ ಕಾಣದ್ದನ್ನು ಕಾಣುತ್ತದೆ.

ಇದು ಬರಿಯ ಚೆಂದದ ಚಿತ್ರಕ್ಕಾಗಿ ನಡೆಯುವ ಆಟವಲ್ಲ. 1994, 2005 ಮತ್ತು 2011ರಲ್ಲಿ ಎಂ51ರಲ್ಲಿ ಮಹಾನವ್ಯಗಳು, ಅಂದರೆ ಸಿಡಿದು ಸಾಯುವ ನಕ್ಷತ್ರಗಳು, ಕಾಣಿಸಿಕೊಂಡವು. ಮೂರನ್ನೂ ಮೊದಲು ಕಂಡವರಲ್ಲಿ ಹವ್ಯಾಸಿಗಳಿದ್ದರು. 2011ರದ್ದರಲ್ಲಂತೂ ಸಿಡಿದ ಜಾಗದಲ್ಲಿ ಮೊದಲು ಯಾವ ನಕ್ಷತ್ರವಿತ್ತೆಂದು ಹಬಲ್ ಬಾಹ್ಯಾಕಾಶ ದೂರದರ್ಶಕದ ಹಳೆಯ ಚಿತ್ರಗಳಲ್ಲಿ ಹುಡುಕಲು ಸಾಧ್ಯವಾಯಿತು. ಅಲ್ಲಿದ್ದ ಹಳದಿ ದೈತ್ಯ ಸಿಡಿತದ ಬಳಿಕ ಕಾಣೆಯಾಗಿತ್ತು. 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ವೃತ್ತಿಪರರು ಹವ್ಯಾಸಿಗಳ ಚಿಕ್ಕ ದೂರದರ್ಶಕಗಳನ್ನೇ ನೆಚ್ಚಿ, ನೆರೆಯ ಗೆಲಕ್ಸಿಗಳ ಸುತ್ತ ಹರಿದುಹೋದ ಪುಟ್ಟ ಗೆಲಕ್ಸಿಗಳ ಮಂದವಾದ ಎಳೆಗಳನ್ನು ಪತ್ತೆ ಮಾಡಿದರು. ದೊಡ್ಡ ದೂರದರ್ಶಕಗಳಲ್ಲಿ ಸಮಯಕ್ಕೆ ಸರದಿ. ಹಿತ್ತಲಲ್ಲಿ ರಾತ್ರಿಯಿಡೀ ಒಂದೇ ಕಡೆ ನೋಡುತ್ತ ಕೂರಲು ಯಾರ ಅಪ್ಪಣೆಯೂ ಬೇಡ.

ಬೇಕಾದದ್ದು ಕತ್ತಲೆ ಮಾತ್ರ. ಅದೇ ಈಗ ದುಬಾರಿಯಾಗಿದೆ. ರಾಬರ್ಟ್ಸ್ 1890ರಲ್ಲೇ ಒಳ್ಳೆಯ ಆಕಾಶ ಅರಸಿ ಲಿವರ್‌ಪೂಲ್ ಬಿಟ್ಟು ದಕ್ಷಿಣ ಇಂಗ್ಲೆಂಡಿನ ಕ್ರೋಬರೊಗೆ ಮನೆ ಬದಲಾಯಿಸಿದ್ದ. ಬೆಂಗಳೂರಿನಂಥ ನಗರದ ದೀಪಗಳ ನಡುವೆ ಕೂತು ನೋಡಿದರೆ ಈ ಜೋಡಿ ಆಕಾಶದ ಹೊಳಪಿನಲ್ಲಿ ಕರಗಿಹೋಗುತ್ತದೆ. ಅರುಂಧತಿಯೇ ಕಷ್ಟಪಟ್ಟು ಕಾಣಬೇಕು. ಆದರೆ ಊರಾಚೆಯ ಕತ್ತಲಲ್ಲಿ, ಮುಂಗಾರು ಕವಿಯುವ ಮುನ್ನ ಏಪ್ರಿಲ್-ಮೇ ತಿಂಗಳ ರಾತ್ರಿಗಳಲ್ಲಿ, ಸಪ್ತರ್ಷಿಗಳು ನಮ್ಮ ಉತ್ತರಕ್ಕೆ ಎತ್ತರವಾಗಿ ನಿಂತಿರುತ್ತಾರೆ. ಮೇ ಕೊನೆಯ ವಾರ ರಾತ್ರಿ ಒಂಬತ್ತರ ಹೊತ್ತಿಗೆ ಈ ಜೋಡಿ ಕರ್ನಾಟಕದ ಆಕಾಶದಲ್ಲಿ ದಿಗಂತ ಮತ್ತು ನೆತ್ತಿಯ ನಡುವೆ ಅರ್ಧಕ್ಕೂ ಮೇಲೆ ಬಂದಿರುತ್ತದೆ. ಒಳ್ಳೆಯ ದುರ್ಬೀನಿನಲ್ಲಿ ಅದು ಒಂದು ಮಸುಕು ಚುಕ್ಕೆ, ಮೆಸ್ಸಿಯೆ ಕಂಡಂತೆ. ಚಿಕ್ಕ ದೂರದರ್ಶಕದಲ್ಲಿ ಎರಡು ಚುಕ್ಕೆ, ಮೆಶೆನ್ ಕಂಡಂತೆ. ಅದರ ಹಿಂಬದಿಗೆ ಕ್ಯಾಮೆರಾ ಹಚ್ಚಿ ತಾಳ್ಮೆಯಿಂದ ಕೂತರೆ ರಾಸ್ ಕಂಡ ಸುಳಿ, ರಾಬರ್ಟ್ಸ್ ಹಿಡಿದ ಸೇತುವೆ. ಒಂದೇ ರಾತ್ರಿಯಲ್ಲಿ ನೂರು ವರ್ಷದ ಇತಿಹಾಸ ಮರುಕಳಿಸುತ್ತದೆ.

ಆ ಕ್ಯಾಮೆರಾದೊಳಕ್ಕೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಈ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ. 2.8 ಕೋಟಿ ವರ್ಷ ನಡೆದು ಬಂದ ಬೆಳಕು ಕೊನೆಗೆ ಯಾರದೋ ಮನೆಯ ಹಿತ್ತಲಲ್ಲಿ, ತುಳಸಿಕಟ್ಟೆಯ ಪಕ್ಕ ನಿಲ್ಲಿಸಿದ ದೂರದರ್ಶಕದೊಳಗೆ ಬಂದು ನಿಲ್ಲಬಹುದು. ಮುಂದಿನ ಸಲ ಪುರೋಹಿತರು ಅರುಂಧತಿಯತ್ತ ಬೆರಳು ತೋರಿಸಿದಾಗ, ಅದರಾಚೆಯ ಈ ಇನ್ನೊಂದು ಜೋಡಿಯೂ ನೆನಪಾಗಲಿ. ಕಾಣುವುದಿಲ್ಲವೆಂಬ ಮಾತ್ರಕ್ಕೆ ಅದು ಅಲ್ಲಿಲ್ಲವೆಂದಲ್ಲ.